ಹಸಿ ಗೋಣಿ

ಮೀನು ತುಂಬಿ ಬಂದ ಥರ್ಮೊಕೋಲ್ ಡಬ್ಬಿ,
ಸತ್ತ ಕಂಪ್ಯೂಟರಿನ ಸಣ್ಣ ಪಂಖಾ,
ನಲವತ್ತು ವ್ಯಾಟಿನ ಬಲ್ಬು ಎರಡು,
ಕೂಡಿಸಿ ನಾನೊಂದು ಕೋಳಿ ಮಾಡಿದೆ.
ಕೆದರೂದಿಲ್ಲ, ಕುಕ್ಕೂದಿಲ್ಲ,
ಕಾವಿಗೆ ಕೂಡೂದೊಂದ ಗೊತ್ತು ಅದಕ್ಕ.

ಒಳಗ ಇಪ್ಪತ್ತೊಂದು ತತ್ತಿ.
ಪೆನ್ಸಿಲ್ಲಿಂದ ಒಂದು ಮಗ್ಗಲಿಗೆ ಗುಣಾಕಾರ, ಇನ್ನೊಂದಕ್ಕ ಸೊನ್ನಿ.
ಮುಂಜಾನೆ ಗುಣಾಕಾರ, ಮಧ್ಯಾಹ್ನ ಸೊನ್ನಿ,
ರಾತ್ರಿ ಮತ್ತ ಗುಣಾಕಾರ.
ಎಂಟು ದಿನಕ್ಕ ನಾನೂ ಮಲಗಿದಲ್ಲೆ
ಅದ ಲೆಕ್ಕದಾಗ ಹೊಳ್ಳಲಿಕ್ಕ ಹತ್ತಿದೆ.

ಸೋಲಾಪುರ, ಅಕ್ಕಲಕೋಟ ರಸ್ತಾ, ತಗಡಿನ ಮನಿ, ವೈಶಾಖ.
ಹೊರಗ ನಲವತ್ಮೂರು ಡಿಗ್ರಿ.
ತತ್ತಿಗೆ ಬೇಕಾದ್ದು ಮೂವತ್ತೇಳೂವರಿ.
ಮಂದಿ ಬಲ್ಬು ಹಚ್ಚಿ ಮರಿ ಮಾಡತಾರ,
ನಾ ಬಲ್ಬು ಆರಿಸಿ ಕೂತೀನಿ.

ಹೊಸ್ತಿಲದಾಗ ಅಂಬೂಬಾಯಿ ಅತ್ತಿ ಬೀಡಿ ಕಟ್ಟತಾಳ.
ಸೂಪಿನಾಗ ಜರ್ದಾ, ಬೆರಳಿಗೆ ದಾರ,
ದಿನಕ್ಕ ಸಾವಿರ.
ಒಣಗಿದ ಎಲಿ ಸುತ್ತಿದರ ಸೀಳತದ,
ಬಾಳ ನೆನೆದರ ಬೂಸು ಹಿಡೀತದ.
ನಡುವಿನ ಹದಕ್ಕ ಅಕಿ ಹತ್ರ ಒಂದು ಗೋಣಿ ಅದ,
ಕರ್ರಗ ಮೆತ್ತಗಾದದ್ದು, ಯಾವಾಗಲೂ ಹಸಿ.

ಒಂದಿನ ಡಬ್ಬಿಯೊಳಗ ಕೈ ಇಟ್ಟು ಅಂದಳು:
“ಒಣಾ ಹೊಡಿಲಿಕತ್ತದಲ್ಲೋ.”
“ಮೀಟರ್ ನೋಡು ಅತ್ತಿ, ಐವತ್ತು ಅದ” ಅಂದೆ.
ಅಕಿ ನೋಡಲಿಲ್ಲ. ಬೆರಳಿಗೆ ಬೆರಳು ತಿಕ್ಕಿಕೋತ ಹೋದಳು.

ಸಂಶೇ ಬಂತು. ಬಾಟಲಿ ಮುಚ್ಚಳದಾಗ ಉಪ್ಪು,
ಉಪ್ಪಿಗೆ ನಾಕು ಹನಿ ನೀರು,
ಮೀಟರಿನ ಕೂಡ ಚೀಲದಾಗ ಕಟ್ಟಿ ರಾತ್ರಿಯೆಲ್ಲ ಇಟ್ಟೆ.
ಎಪ್ಪತ್ತೈದು ತೋರಿಸಬೇಕಿತ್ತು. ತೊಂಬತ್ತು ತೋರಿಸಿತು.
ಹದಿನೈದು ಸುಳ್ಳು,
ಏಳು ದಿನದಿಂದ, ದಿನಾ.

ಟಾರ್ಚು ಹಿಡಿದೆ. ಆರು ತತ್ತಿ ಬರೇ ಬೆಳಕು.
ಹದಿನೈದರಾಗ ಕೆಂಪು ನರ, ನಡುವ ಒಂದು ಕರಿ ಚುಕ್ಕಿ.
ಚುಕ್ಕಿ ಹೌಹಾರಿತು.
ಮ್ಯಾಲಿನ ಗಾಳಿಕೋಣಿ ಹದಿನಾಲ್ಕು ದಿನದಷ್ಟು ದೊಡ್ಡದಾಗಿತ್ತು.
ಇನ್ನೊಂದು ವಾಟಗಾ ನೀರಿಟ್ಟೆ, ಅತ್ತಿಗೆ ಹೇಳಲಿಲ್ಲ.

ಹದಿನಾರನೆ ದಿನ ಮಧ್ಯಾಹ್ನ ಒಂದಕ್ಕ ಕರೆಂಟು ಹೋತು.
ಪಂಖಾ ನಿಂತಿತು. ಬಲ್ಬು ಮೊದಲ ಆರಿತ್ತು.
ಆದರೂ ಮೂವತ್ತೆಂಟೂವರಿ.
ಮೂವತ್ತೊಂಬತ್ತು.
ನಾ ರಟ್ಟಿನಿಂದ ಗಾಳಿ ಹಾಕತಿದ್ದೆ, ಬಿಸಿಗೆ ಬಿಸಿ ಗಾಳಿ.
ಮೂವತ್ತೊಂಬತ್ತರ ಮ್ಯಾಲ ಆರು.
ಅತ್ತಿ ಎದ್ದಳು. ಎಲಿ ಮ್ಯಾಲಿನ ಗೋಣಿ ಕಿತ್ತಳು,
ಬಕೀಟಿನಾಗ ಅದ್ದಿ, ಹಿಂಡಿ, ಡಬ್ಬಿಗೆ ಹೊಚ್ಚಿದಳು,
ಗಾಳಿಯ ತೂತು ಅಷ್ಟ ಬಿಟ್ಟು.
ಸೂಪು ತಗೊಂಡು ಬೀಸಿದಳು.
ಆರಿದಂಗ ಮತ್ತ ಅದ್ದಿದಳು.
ಮೂರುವರಿಗೆ ಕರೆಂಟು ಬಂದಾಗ ಮೂವತ್ತೇಳರ ಮ್ಯಾಲ ಎಂಟು.
ಅಕಿ ಸೀರಿ ಮೊಳಕಾಲತನಕ ತೊಯ್ದಿತ್ತು.

ಮರುದಿನ ಕಾರ್ಖಾನಿ ಕಾರ್ಡು ಕಣ್ಣಿಗೆ ಬಿತ್ತು:
ಆರು ನೂರಾ ಐವತ್ತು.
ಉಳಿದದ್ದು ಕಟ್ಟಲಿಕ್ಕ ಎಲಿ ಒಣಗಿತ್ತು.
ಕಟ್ಟಿದ್ದರಾಗೂ ಎರಡು ಕಟ್ಟು ಮುನೀಮ ಛಾಟ್ ಮಾಡಿದ್ದ.
ಕೇಳಿದರ ಅಂದಳು, “ಒಂದು ಗೋಣಿ ಎಷ್ಟು ಕಡಿ ಹೊಚ್ಚಲಿ?”

ಹದಿನೆಂಟರ ಮುಂದ ಹೊಳ್ಳಿಸಬಾರದು, ಮುಚ್ಚಳಾ ತೆಗೀಬಾರದು.
ನಾ ಮೂರು ಸಲ ತೆಗೆದೆ.
ಇಪ್ಪತ್ತೊಂದನೆ ರಾತ್ರಿ ಒಂದು ತತ್ತಿ ಕುಟ್ಟಿ ಕುಟ್ಟಿ ಸುಮ್ಮನಾತು.
ತೂತಿನಾಗ ಚುಂಚು ಅಷ್ಟ, ಒಳಪರದೆ ಒಣಗಿ ಮೈಗೆ ಹತ್ತಿತ್ತು.
ಉಗುರು ಹಚ್ಚಲಿಕ್ಕ ಹೋದೆ.
ಅತ್ತಿ ಕೈ ಹಿಡಿದಳು. “ಹಸಿ ಮಾಡು. ಸೀಳಬ್ಯಾಡ.”
ಬೆಚ್ಚನ ನೀರಾಗ ಬೆರಳದ್ದಿ
ತೂತಿನ ಅಂಚಿಗೆ ಸವರಿದಳು,
ಬೀಡಿಯ ಬಾಯಿ ಮಡಚೂ ಅದ ಬೆರಳಿಂದ.
ಮುಚ್ಚಳಾ ಹಾಕಿ, ಅದರ ಮ್ಯಾಲ ಕೂತಳು, ನಾ ತೆಗೀಬಾರದಂತ.

ಬೆಳಗಿಗೆ ಹನ್ನೆರಡು ಮರಿ.
ಕಡೀದು ಒಂದು ಕಾಲು ಎಳೀತಿತ್ತು. ಅದು ಅಕಿ ತೊಡಿ ಬಿಟ್ಟು ಇಳೀಲಿಲ್ಲ.

ನಾ ಕಣ್ಣಿ ಚೌಕಕ್ಕ ಹೋಗಿ ಹೊಸಾ ಗೋಣಿ ತಂದೆ.
ಅತ್ತಿ ಅದಕ್ಕ ನೀರು ಗೊಜ್ಜಿದಳು. ನೀರು ಉರುಳಿ ಬಿತ್ತು.
“ಹೊಸಾದು ನೀರು ಹಿಡಿಯಂಗಿಲ್ಲ” ಅಂದಳು,
“ಎರಡು ತಿಂಗಳು ನನ್ನ ಹತ್ರ ಇರಲಿ.”