ಡಬ್ಬಿ, ಕಡ್ಡಿ, ಇತರೆ

ಬ್ಯಾಡಗಿಯ ನಮ್ಮ ಸೊಸೈಟಿಗೆ ಕಂಪ್ಯೂಟರ್ ಬಂದಾಗ
ಮೊದಲು ಸೀನಿದ್ದು ಅದ.
ಹಮಾಲ ದಾವಲಸಾಬ ಇನ್ನೂ ಹೇಳತಾನ:
ಫ್ಯಾನಿನ ಬಾಯಾಗ ಕೆಂಪು ಧೂಳು ಹೊಕ್ಕು
ಒಂದು ಗುಟುರು ಹಾಕಿ ಕಣ್ಣು ಮುಚ್ಚಿತು.
ಪುಣೆಕ ಫೋನು ಹಚ್ಚಿದಿವಿ. "ಮಂಗಳವಾರ ಬರತೇವಿ."
ಟೆಂಡರು ಸೋಮವಾರ.
ಅಂಗಳ ತುಂಬ ಚೀಲದ ಗುಡ್ಡ.
ಕಟ್ಟಿಟ್ಟ ಖಾತೆ ಪುಸ್ತಕ ಮತ್ತ ಬಿಚ್ಚಿದಿವಿ.

ಮೂರು ವರ್ಷ ಹಿಂಗ.
ಮನಿ ನಮ್ಮದು,
ಕೀಲಿ ಪುಣೆಯವರ ಕಿಸೆದಾಗ.

ಪರದೆ ಮ್ಯಾಲ ಮೂರ ಆಯ್ಕೆ:
ಡಬ್ಬಿ, ಕಡ್ಡಿ, ಇತರೆ.
ತೊಟ್ಟು ಮುರಿಯೋ ದುರಗವ್ವ
ಒಂದು ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿ
ಬೀಜದ ಮಾತು ಕೇಳಿ ಹೇಳತಿದ್ದಳು:
"ಇದು ಎರಡನೇ ಕೊಯ್ಲು.
ಇದಕ್ಕ ಇಬ್ಬನಿ ಬಡದೈತಿ.
ಇದು ಥಂಡಿ ಗೋದಾಮಿಂದು, ಹ್ವಾದ ವರ್ಷದ್ದು,
ಬಣ್ಣ ಐತಿ, ಜೀವ ಇಲ್ಲ."
ನಾ ಎಲ್ಲಾನೂ ಇತರೆದಾಗ ಒತ್ತಿದೆ.
ಆಕಿ ಹಿಂದಿನಿಂದ ಇಣುಕಿ ಕೇಳಿದಳು:
"ಇತರೆ ಅಂದ್ರ, ಯಾರ ಪೈಕಿರಿ?"

ಆ ರಾತ್ರಿ ನಿದ್ದಿ ಬರಲಿಲ್ಲ ಅಂತ ಬರದರ ಸುಳ್ಳು.
ಚೊಲೊ ನಿದ್ದಿ ಬಂತು.
ಮುಂಜಾನೆ ಕಾರ್ಯದರ್ಶಿಗೆ ಅಂದೆ:
ಮುಂದಿನ ಕರಾರು ಬ್ಯಾಡ್ರಿ,
ಅದ ರೊಕ್ಕದಾಗ ನಾವ ಕಲಿಯೂಣು.
ಅವರು ನಕ್ಕು ಚಹಾ ತರಿಸಿದರು,
ಎಂಟು ತಿಂಗಳು ಸುಮ್ಮನಿದ್ದರು.

ಕಡೀಕ ಕೂತವರು ಮೂವರು:
ನಾನು, ತೂಕದ ಈರಯ್ಯ,
ದಾವಲಸಾಬನ ಸೊಸಿ ರಮಿಜಾ.
ಎರಡು ಸಲ ಇಡೀ ತಿಂಗಳ ಲೆಕ್ಕ ಅಳಿಸಿಬಿಟ್ಟೆ.
"ಡಿಲೀಟ್ ಸಾಹೇಬ್ರು" ಅಂತ ಈರಯ್ಯ ಹೆಸರಿಟ್ಟ.
ರಮಿಜಾ ಹಳೇ ಓಢಣಿ ಹರಿದು
ಫ್ಯಾನಿನ ಬಾಯಿಗೆ ಜಾಳಿಗಿ ಹೊಲಿದಳು.
ಸೀನು ನಿಂತಿತು. ಅದು ಯಾವ ಕೈಪಿಡಿದಾಗೂ ಇರಲಿಲ್ಲ.

ಈಗ ಹದಿಮೂರು ಆಯ್ಕೆ.
ದುರಗವ್ವ ಕೀಲಿಮಣೆ ಮುಟ್ಟಂಗಿಲ್ಲ,
"ನನ್ನ ಬೆರಳಿನ ಉರಿ ನಿಮ್ಮ ಕಣ್ಣಿಗೆ ಹತ್ತೀತು" ಅಂತಾಳ.
ಮಾರು ದೂರ ನಿಂತು ಆಕಿ ಹೇಳತಾಳ,
ರಮಿಜಾ ಒತ್ತತಾಳ.
ಒಂಬತ್ತನೇದರ ಹೆಸರು:
ಬಣ್ಣ ಐತಿ, ಜೀವ ಇಲ್ಲ.
ಆಡಿಟ್‌ನವರು ಕನ್ನಡಕ ತಗದು ಒರಸಿ
ಮತ್ತೊಮ್ಮೆ ಓದಿದರು.

ನಿನ್ನೆ ಪಗಾರದ ಪಟ್ಟಿ ಯಂತ್ರಕ್ಕ ಏರಿಸಾಕ ಕೂತೆ.
ದುರಗವ್ವನ ಹೆಸರು ಹುಡುಕಿದೆ. ಸಿಗಲಿಲ್ಲ.
ಮತ್ತ ಹುಡುಕಿದೆ.
ಕಟ್ಟಕಡೀ ಸಾಲಿನಾಗ ಇತ್ತು:
ಇತರೆ. ಹೆಣ್ಣಾಳು ನಲವತ್ತೆರಡು.

ಹೊಸ ಸಾಲು ಸೇರಿಸೋದು ನನಗೀಗ ಬರತೈತಿ,
ಅರ್ಧ ತಾಸಿನ ಕೆಲಸ.
ಆದರ ಇದರ ಪಾಸ್‌ವರ್ಡ್
ಪುಣೆಯವರ ಹತ್ರ ಇಲ್ಲ.
ಮ್ಯಾಲಿನ ಮಹಡಿದಾಗ,
ಚಹಾ ಕುಡಿಯಾಕ ಹತ್ಯಾರ.