ಕೆಂಪು ತುದಿ

ಮೇ ತಿಂಗಳು. ಮಾಪ್ಸಾದೊಳಗ ಡಾಂಬರಿಗೂ ಬೆವರು.
ಲುಡೊವಿನಾ ಬಾಯಿ ಕಾರು ತಂದು ನಿಲ್ಲಿಸಿದ್ಲು:
ತೊಂಬತ್ತೆಂಟರ ಮಾರುತಿ, ಬಿಳಿ ಅನ್ನಬೇಕು ಅಂತ ಬಿಳಿ,
ಬಾಗಿಲ ಕೆಳಗ ಸಮುದ್ರದ ಗಾಳಿ ತಿಂದ ತೂತು.
"ಎಸಿ ಅಲ್ಲಪಾ ಇದು, ಪೊದೇರನ ಭಟ್ಟಿ" ಅಂದ್ಲು.
ಮೂರು ಬ್ಯಾಸಗಿ, ಮೂರು ಮಂದಿ ಗ್ಯಾಸ್ ತುಂಬ್ಯಾರ,
ಮೂವರೂ ರೊಕ್ಕ ಎಣಿಸಿಕೊಂಡಾರ.

ನಾ ಮೊದಲ ಕೇಳ್ತೀನಿ, ಕಿವಿಗೊಟ್ಟು.
ಸ್ವಿಚ್ ಒತ್ತಿದ್ರ ಕ್ಲಚ್ಚು ಟಕ್ ಅಂತು,
ಕದ ಬಡದಾಗ ಒಳಗಿನವರು "ಯಾರದು?" ಅಂದಂಗ.
ಮನಿಯೊಳಗ ಮಂದಿ ಅದಾರ.
ನೀಲಿ ಪೈಪು ಒಂದು ಕಡೆ, ಕೆಂಪು ಪೈಪು ಒಂದು ಕಡೆ;
ಮೀಟರಿನ ಎರಡೂ ಮುಳ್ಳು ನಿಲ್ಲಬೇಕಾದಲ್ಲೇ ನಿಂತ್ವು.
ಮೌನೇಶಗ ಕಂಡೆನ್ಸರ್ ತೊಳಿ ಅಂದೆ, ತೊಳದ.
ಹರದು ಬಂದದ್ದು ಕೆಮ್ಮಣ್ಣು, ಅದಿರು ಲಾರಿಗಳ ಕಾಲದ್ದು.
ಆ ಲಾರಿ ನಿಂತು ಎಷ್ಟು ವರ್ಷಾತು,
ಈ ಜಾಳಿಗಿಗೆ ಇನ್ನೂ ಸುದ್ದಿ ಮುಟ್ಟಿದ್ದಿಲ್ಲ.

ಬ್ಲೋವರ್ ಬಿಚ್ಚಿದೆ. ಒಣಗಿದ ಗೇರೆಲಿ,
ಪಣಜಿ ಬಸ್ಸಿನ ಟಿಕೇಟು, ಇಲಿ ಹಾಸಿಕೊಂಡು ಮಲಗಿದ
ಪ್ರಾರ್ಥನಾ ಚೀಟಿಯ ಅರ್ಧ ಸಂತ.
ಸಂತನ್ನ ಬಾಯಿ ಕೈಗೆ ಕೊಟ್ಟೆ.
ಗಾಳಿ ಜೋರಾತು.
ಬಿಸಿ ಗಾಳಿ, ಜೋರಾತು.

ಆಗ ಬಗ್ಗಿ ನೋಡಿದೆ. ಕಾರಿನ ಹೊಟ್ಟಿ ಕೆಳಗ
ಹನಿ. ಒಂದು. ತಡದು ಇನ್ನೊಂದು.
ಬೊಟ್ಟಿಟ್ಟೆ: ನಸುಕಿನ ಬಾವಿ ನೀರಿನಷ್ಟು ತಣ್ಣಗ.
ಅಂದ್ರ ತಂಪು ಹುಟ್ಟಲಿಕ್ಕತ್ತದ ಒಳಗ,
ದಾರ್ಯಾಗ ಯಾರೋ ಹಿಡದು ಕುಂದರಿಸ್ಯಾರ.

ಇಂಜಿನ್ನಿನಿಂದ ಒಳಗ ಹೋಗೋ ಎರಡು ರಬ್ಬರ್ ನಳಿಗಿ,
ಹೀಟರಿನವು. ಮುಟ್ಟಿದೆ. ಎರಡೂ ಸುಟ್ವು.
ಗೋವಾದೊಳಗ ಹೀಟರ್ ಯಾವ ಪುಣ್ಯಾತ್ಮ ಹಚ್ಚತಾನ?
ದಿಲ್ಲಿ ಚಳಿ ನೆನೆಸಿ ಕಂಪನಿಯವರು ಇಟ್ಟದ್ದು;
ಇಲ್ಲಿ ಅದು ಮದುವ್ಯಾಗ ಮುಯ್ಯಿ ಬಂದ ಕಂಬಳಿ.
ಒಳಗಿನ ಗುಂಡಿ ನೀಲಿ ಕಡೆ ಸರಿಸಿದೆ. ಸಲೀಸು ಹೋತು,
ಸುಳ್ಳು ಹೇಳೋ ಹುಡುಗನ ನಾಲಿಗಿಯಂಗ.
ಹಿಂದ ಕೇಬಲ್ ತುಂಡಾಗಿತ್ತು,
ಕವಾಟ ಕೆಂಪಿನ ಕಡೆ ತೆರಕೊಂಡು ತುಕ್ಕು ಹಿಡದಿತ್ತು.

"ಬಾಯಿ, ಇದನ್ನ ಯಾವಾಗರ ಹಚ್ಚಿದ್ರೇನು?"
ಇಲ್ಲ ಅಂದ್ಲು. ಹೀಟರ್ ಅದ ಅನ್ನೂದೇ ಗೊತ್ತಿಲ್ಲ ಅಂದ್ಲು.
ನೀರಿನ ಗ್ಲಾಸು ತುಟಿತನಕ ಒಯ್ದು ತಡದ್ಲು.
"ಒಮ್ಮೆ."

ಜುಲೈ. ಬಾಂಬೋಲಿಂ ಆಸ್ಪತ್ರಿ. ಏಳು ತಿಂಗಳಿಗೇ ಹುಟ್ಟಿದ ಕೂಸು,
ಮನಿಗೆ ಕಳಸೂವಾಗ ಎರಡು ಕಿಲೋಕ್ಕೂ ಕಮ್ಮಿ.
ಬೆಚ್ಚಗ ಇಡ್ರಿ ಅಂದಿದ್ಲು ನರ್ಸು, ಅಷ್ಟ.
ಗಂಡ ಹಡಗಿನ್ಯಾಗ, ಸ್ಟೇರಿಂಗ್ ತಮ್ಮನ ಕೈಯಾಗ,
ಮಾಂಡವಿ ಸೇತುವಿ ಮ್ಯಾಲ ಮಳಿ ಅಡ್ಡಡ್ಡ.
ಹಿಂದಿನ ಸೀಟಿನಿಂದ ಕೈ ಚಾಚಿ ಗುಂಡಿ ಎಳದಿದ್ಲು,
ಕೆಂಪು ತುದಿತನಕ,
ತುದಿ ದಾಟಿ ಜಾಗ ಇದ್ದಿದ್ರ ಅಲ್ಲಿತನಕ.
ಏನೋ ಪಟ್ ಅಂದಂಗಾಗಿತ್ತು.
ಮಳಿ ಸಪ್ಪಳದಾಗ ಯಾರು ಕೇಳ್ತಾರ?

ಕೂಸು ಈಗ ಗ್ಯಾರೇಜಿನ ಬಾಗಿಲಾಗ ನಿಂತದ,
ಆರಡಿ, ಫುಟ್ಬಾಲ್ ಜರ್ಸಿ, ಮೈತುಂಬ ಬೆವರು.
"ಮಮ್ಮಾ, ಗುಜರಿಗೆ ಹಾಕು ಇದನ್ನ. ಒಳಗ ಬೇಯ್ತೀನಿ ನಾ."
ಆಕಿ ನನ್ನ ನೋಡಿದ್ಲು. ನಾ ಸ್ಪ್ಯಾನರ್ ಹುಡುಕಿದೆ.

ಹೊಸ ಕವಾಟ ಮಡಗಾವಿನಿಂದ ಬರಬೇಕು, ನಾಳಿ ನಾಡಿದ್ದು.
ಸದ್ಯಕ್ಕ ಆ ಎರಡು ನಳಿಗಿ ಹೊರಗs ಒಂದಕ್ಕೊಂದು ಕೂಡಿಸಿ
ಕ್ಲಿಪ್ಪು ಬಿಗದೆ. ಬಿಸಿನೀರು ಬಂದ ದಾರಿ ಹಿಡದು ಹೊಳ್ಳಿ ಹೋತು.
ನಾಕು ನಿಮಿಷ.
ಹುಡುಗ ಗಾಳಿಗೆ ಮುಖ ಕೊಟ್ಟು ಕಣ್ಣು ಮುಚ್ಚಿದ.
ಹಿಂದಿನ ಸೀಟಿನಿಂದ ಮತ್ತ ಅದೇ ಕೈ ಚಾಚಿತು:
"ಸ್ವಲ್ಪ ಕಮ್ಮಿ ಮಾಡೋ, ಥಂಡಿ ಆದೀತು."

ಬಿಲ್ಲಿನ್ಯಾಗ ಬರದೆ:
ತೊಳದದ್ದು, ನೂರೈವತ್ತು. ಕ್ಲಿಪ್ಪು, ಎರಡು.
ಗ್ಯಾಸು, ಇಲ್ಲ.