ಕೋವಿ ಕೊಡುವ ಮುಂಚೆ

ಚುನಾವಣೆ ಮುಗಿಯಿತು. ಅಂಕೋಲೆ ಠಾಣೆಯಿಂದ
ಕೋವಿ ಮರಳಿ ಬಂತು, ಕೊರಳಿಗೆ ನಂಬರಿನ ಚೀಟಿ ಕಟ್ಟಿಕೊಂಡು,
ಆಸ್ಪತ್ರೆಯಿಂದ ಬಿಟ್ಟ ಮುದುಕಿಯ ಹಾಗೆ.
ಎರಡು ತಿಂಗಳು ಯಾರೂ ಎಣ್ಣೆ ಮುಟ್ಟಿಸಿಲ್ಲ.
ಕೂತುಕೋ ತಮಾ. ತೆಂಗಿನೆಣ್ಣೆ ಇತ್ತ ತಾ, ಹಳೇ ಪಂಚೆಯ ತುಂಡೂ.
ನಳಿಗೆಯೊಳಗೆ ಬೆಳಕು ಕಾಣುವ ತನಕ ಉಜ್ಜು.
ಉಜ್ಜುತ್ತ ಕೇಳು.

ಮೊದಲು ಗಾಳಿ.
ನಮ್ಮ ಅಚವೆಯ ಗುಡ್ಡದಲ್ಲಿ ಗಾಳಿಗೆ ಎರಡು ಮನೆ:
ಬಿಸಿಲೇರಿದರೆ ಕಡಲಿನಿಂದ ಮೇಲಕ್ಕೆ,
ಕತ್ತಲಾದರೆ ಘಟ್ಟದಿಂದ ಕೆಳಕ್ಕೆ.
ಬೆಳಿಗ್ಗೆ ಕೂತ ಕಲ್ಲು ಮಧ್ಯಾಹ್ನಕ್ಕೆ ಸುಳ್ಳು.
ಬೀಡಿ ಹೊತ್ತಿಸಿ ಹೊಗೆ ನೋಡುವವರುಂಟು. ದಡ್ಡರು.
ಒಂದು ಚಿಟಿಕೆ ಬೂದಿ ಸಾಕು.
ಹಂದಿಗೆ ಕಣ್ಣು ಮಂಜು, ಕಿವಿ ಸಾಧಾರಣ, ಮೂಗು ಮಾತ್ರ ಪಟೇಲ.
ನೀನು ತಲೆಗೆ ಹಚ್ಚುವ ಆ ಪರಿಮಳದ ಎಣ್ಣೆ ಇದೆಯಲ್ಲ,
ಅದನ್ನು ಹಿಲ್ಲೂರಿನಲ್ಲಿ ನಿಂತ ಹಂದಿಯೂ ಓದುತ್ತದೆ.

ಮೊಲಕ್ಕೆ ಚರೆ, ಹಂದಿಗೆ ಗುಂಡು: ಇದು ಎಲ್ಲರೂ ಹೇಳುವುದು.
ನಾನು ಹೇಳುವುದು, ಮೊಲಕ್ಕೆ ಏನೂ ಬೇಡ.
ಒಂದು ತೋಟೆಯ ದುಡ್ಡಿಗೆ ಬೇಲೇಕೇರಿಯಲ್ಲಿ ಒಂದು ಪಾಲು ಬಂಗಡೆ ಬರುತ್ತದೆ,
ಸಿಪ್ಪೆಯೂ ಇಲ್ಲ, ಕೇಸೂ ಇಲ್ಲ.
ಕಾಡುಕೋಳಿ ಕೂಗಿದರೆ ಕೂಗಲಿ;
ಅದು ಬೇಯುವುದರೊಳಗೆ ಸೌದೆ ಮುಗಿಯುತ್ತದೆ.
ಕಾಟಿಯ ವಿಷಯ ಎತ್ತಬೇಡ. ನನ್ನ ಸೋದರಮಾವ ಎತ್ತಿದ್ದ.
ಅವನ ಒಂದು ಚಪ್ಪಲಿ ಸಿಕ್ಕಿತು,
ಅದೂ ಮರದ ಮೇಲೆ.

ಹಂದಿ ಗದ್ದೆಗಿಳಿದರೆ ಮಾತ್ರ.
ಎದುರಿಗೆ ಹೊಡೆಯಬೇಡ, ಹಣೆ ಅದಕ್ಕೆ ಬಂಡೆ.
ಮಗ್ಗುಲು ಕೊಡುವ ತನಕ ಕಾದಿರು.
ಈಡು ತಾಗಿತೋ, ಎದ್ದು ಓಡಬೇಡ. ಒಂದು ಕವಳ ಹಾಕು.
ಕವಳ ಉಗುಳುವ ಹೊತ್ತಿಗೆ ಅದು ಎಲ್ಲಿ ಮಲಗಬೇಕೋ ಮಲಗಿರುತ್ತದೆ.
ನೆತ್ತರು ನೊರೆಯಾಗಿದ್ದರೆ ಹತ್ತಿರ. ಕಪ್ಪಗಿದ್ದರೆ ಬೆಳಗಾಗಲಿ,
ಆದರೆ ಹೋಗು. ಎರಡು ದಿನವಾದರೂ ಹುಡುಕು.
ಗಾಯ ಮಾಡಿ ಬಿಟ್ಟು ಬಂದವನಿಗೆ ಈ ಮನೆಯಲ್ಲಿ ಗಂಜಿ ಇಲ್ಲ.

ಹಿಟ್ಟಿನಲ್ಲಿ ಸಿಡಿಮದ್ದು ಇಡುವವರ ಸಂಗಡ ಕೂರಬೇಡ.
ದವಡೆ ಹಾರಿದ ಹಂದಿ ಒಂಬತ್ತು ದಿನ ಹಳ್ಳದ ಬದಿಗೆ ನಿಂತಿತ್ತು,
ನೀರು ನೋಡುತ್ತ, ಕುಡಿಯಲಾರದೆ.
ನಮ್ಮ ಬಂಡು ನಾಯಿ ಕಚ್ಚಿದ್ದೂ ಅದೇ ಉಂಡೆ.
ಜೀಪಿನಲ್ಲಿ ಬಂದು ಲೈಟು ಹಾಕುವವರು ಬೇಟೆಯವರಲ್ಲ,
ಬೆಳಕಿನ ಗುತ್ತಿಗೆದಾರರು.

ಇನ್ನು ಒಂದೇ ಉಳಿಯಿತು. ಉಜ್ಜುವುದು ನಿಲ್ಲಿಸು.
ಸದ್ದಿಗೆ ಹೊಡೆಯಬೇಡ.

ನನಗಾಗ ಇಪ್ಪತ್ತಾರು. ಮಸಿಮದ್ದಿನ ಕೋವಿ. ಮುಂಜಾವದ ಮಂಜು.
ದರಕಿನಲ್ಲಿ ಸರಸರ, ನಿಂತಿತು, ಮತ್ತೆ ಸರಸರ.
ಹಂದಿಯೇ ಹಂದಿಯೇ ಎಂದು ನನ್ನ ಕಿವಿ ಆಣೆ ಹಾಕಿತು.
ಹೊಡೆದೆ.
ಹೊಗೆ ಸರಿದಾಗ ಕಂಡದ್ದು ದರಕಿನ ಬುಟ್ಟಿ,
ಬುಟ್ಟಿಯ ಹಿಂದೆ ನಮ್ಮ ಕೇರಿಯ ಸಣ್ಣಿ.
ಕೊರಳಿನ ಸರ ಹರಿದು ಮಣಿಗಳು ಇನ್ನೂ ಉದುರುತ್ತಿದ್ದವು.
ಕೂಗಲಿಲ್ಲ ಅವಳು. ಕುಕ್ಕರಗಾಲಲ್ಲಿ ಕೂತು ಹೆಕ್ಕಿದಳು.
ನಾನೂ ಹೆಕ್ಕಿದೆ, ಕೈ ನಿಲ್ಲುತ್ತಿರಲಿಲ್ಲ.
“ಕರಿಯವು ಇಷ್ಟೇ ಅಲ್ಲ, ಹುಡುಕು” ಎಂದಳು.

ಯಾರಿಗೂ ಹೇಳಲಿಲ್ಲ. ನನಗೆ ಮಾತ್ರ ಹೇಳುತ್ತಾಳೆ,
ನಲವತ್ತನಾಲ್ಕು ವರ್ಷದಿಂದ, ಅಂಕೋಲೆ ಪೇಟೆಯಲ್ಲಿ,
ಬಸಳೆಯ ಕಟ್ಟು ಮುಂದಿಟ್ಟು:
“ಇವತ್ತು ನಾನು ಹಂದಿಯೋ ಹೆಂಗಸೋ? ಸರಿ ನೋಡಿ ಹೇಳು.”
ನಾನು ಚೌಕಾಸಿ ಮಾಡುವುದಿಲ್ಲ.
ಬಾಡಿದ ಬಸಳೆಯನ್ನೂ ತರುತ್ತೇನೆ, ನಿನ್ನ ಅಜ್ಜಿ ಬಯ್ಯುತ್ತಾಳೆ.

ಈಗ ನಳಿಗೆ ಎತ್ತಿ ನೋಡು. ಬೆಳಕು ಕಂಡಿತಾ?
ಏನಿದೆ ಆ ತುದಿಯಲ್ಲಿ?
ಬೇಲಿ ಅನ್ನಬೇಡ.
ಬೇಲಿಯ ಹಿಂದೆ ಏನಿದೆ, ಅದನ್ನು ಹೇಳು.